ನಾನೂರು ಪುಸ್ತಕ, ಒಂದು ಬಾಡಿಗೆ ಮನೆ

ನೀವು ಕೇಳಿದ್ದು ಮೂರು ಸಂಗತಿ: ಮನೆಯಲ್ಲಿರುವ ಸುಮಾರು 400 ಪುಸ್ತಕಗಳಲ್ಲಿ ಹೊರದೇಶಕ್ಕೆ ಯಾವುದನ್ನು ತರುವುದು, ಹೇಗೆ ತರುವುದು, ತಂದ ಮೇಲೆ ಬಾಡಿಗೆ ಮನೆಯಲ್ಲಿ ಅವನ್ನು ಕಾಪಾಡುವುದು ಹೇಗೆ. ವೀಸಾ, ಕೆಲಸಗಳ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಪುಸ್ತಕದ ವಿಷಯಕ್ಕೇ ಬರುತ್ತೇನೆ.

ಮೊದಲು ತೂಕದ ಲೆಕ್ಕ. ಡೆಮಿ 1/8 ಅಳತೆಯ (ಸಾಮಾನ್ಯ ಕನ್ನಡ ಕಾದಂಬರಿಯ ಗಾತ್ರ), 200 ಪುಟದ, ಮೆತ್ತನೆ ರಟ್ಟಿನ ಪುಸ್ತಕ ಸುಮಾರು 230ರಿಂದ 250 ಗ್ರಾಂ ತೂಗುತ್ತದೆ. ವಿಮಾನದಲ್ಲಿ ಸಾಮಾನ್ಯವಾಗಿ ಸಿಗುವ 23 ಕಿಲೋದಲ್ಲಿ ಸೂಟ್‌ಕೇಸಿನದೇ ನಾಲ್ಕು ಕಿಲೋ ಕಳೆದರೆ 75-80 ಪುಸ್ತಕ, ಅದೂ ಒಂದು ಅಂಗಿಯನ್ನೂ ಇಡದೆ. ಹಾಗಾಗಿ ಆರಿಸಲೇಬೇಕು. ಆರಿಸುವಾಗ ಯಾವುದು ಇಷ್ಟ ಎಂದು ಕೇಳಿಕೊಂಡರೆ ಒಂದೂ ಹೊರಗುಳಿಯುವುದಿಲ್ಲ. ಹೋಗುವ ದೇಶದಲ್ಲಿ ಎರವಲು ಸಿಗುತ್ತದೆಯೇ ಎಂದು ಕೇಳಿಕೊಳ್ಳಿ. ಇಂಗ್ಲಿಷ್ ಕಾದಂಬರಿಗಳು, ಜನಪ್ರಿಯ ವಿಜ್ಞಾನ, ಇತಿಹಾಸ ಇವೆಲ್ಲ ಸಾರ್ವಜನಿಕ ಗ್ರಂಥಾಲಯದಲ್ಲಿ ಸಿಗುವ ಸಂಭವ ಹೆಚ್ಚು, ಬಿಟ್ಟು ಬನ್ನಿ. ಮರುಮುದ್ರಣ ಕಾಣದ ಕನ್ನಡ ಪುಸ್ತಕ, ನೀವೇ ಅಂಚಿನಲ್ಲಿ ಟಿಪ್ಪಣಿ ಬರೆದ ಪ್ರತಿ, ಒಂದು ಒಳ್ಳೆಯ ಕನ್ನಡ ನಿಘಂಟು, ಮತ್ತೆ ಮತ್ತೆ ತೆರೆಯುವ ಕವನ ಸಂಕಲನಗಳು ಮೊದಲ ಸುತ್ತಿಗೆ ಸಾಕು. 'ಎಂದಾದರೂ ಓದುತ್ತೇನೆ' ಎಂದು ಕೊಂಡಿಟ್ಟವುಗಳಲ್ಲಿ ಹತ್ತಕ್ಕಿಂತ ಹೆಚ್ಚು ತರಬೇಡಿ. ಊರಿನಲ್ಲಿ ಓದದಿದ್ದುದನ್ನು ಹೊರದೇಶದಲ್ಲೂ ಓದುವುದಿಲ್ಲ.

ಉಳಿದವನ್ನು ಆಮೇಲೆ ತರಿಸಿಕೊಳ್ಳಬಹುದು. ಅಂತರರಾಷ್ಟ್ರೀಯ ಅಂಚೆಯಲ್ಲಿ 'ಎಂ ಬ್ಯಾಗ್' ಎಂಬ ವ್ಯವಸ್ಥೆ ಇದೆ: ಒಬ್ಬರದೇ ವಿಳಾಸಕ್ಕೆ ಮುದ್ರಿತ ಸಾಮಗ್ರಿ ತುಂಬಿ ಕಳಿಸುವ ಚೀಲ, ಮಿತಿ 30 ಕಿಲೋ. ಎಲ್ಲ ದೇಶಗಳಿಗೂ ಎಲ್ಲ ಕಾಲದಲ್ಲೂ ಇದು ತೆರೆದಿರುವುದಿಲ್ಲ, ಅಂಚೆ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ಚೀಲದೊಳಗೆ ಬಿಡಿ ಪುಸ್ತಕ ಸುರಿಯಬೇಡಿ. ಸಣ್ಣ ರಟ್ಟಿನ ಪೆಟ್ಟಿಗೆಗಳಲ್ಲಿ ಹಾಕಿ, ಪ್ರತಿಯೊಂದರ ಮೇಲೂ ಪೂರ್ತಿ ವಿಳಾಸ ಬರೆಯಿರಿ. ಚೀಲ ಹರಿದರೂ ಪೆಟ್ಟಿಗೆ ದಾರಿ ತಪ್ಪದು. ಹಡಗಿನಲ್ಲಿ ಕಳಿಸುವುದಾದರೆ ಮರದ ಪೆಟ್ಟಿಗೆಯ ಆಸೆ ಬೇಡ. ಕಚ್ಚಾ ಮರದ ಪ್ಯಾಕಿಂಗಿಗೆ ಕೀಟ ನಿವಾರಣೆಯ ಅಂತರರಾಷ್ಟ್ರೀಯ ನಿಯಮವಾದ ಐಎಸ್‌ಪಿಎಂ 15ರ ಮುದ್ರೆ ಇಲ್ಲದಿದ್ದರೆ ಬಂದರಿನಲ್ಲೇ ತಡೆಯುತ್ತಾರೆ.

ಪ್ಯಾಕಿಂಗಿನಲ್ಲಿ ಹೆಚ್ಚಿನವರು ಎಡವುವುದು ಪೆಟ್ಟಿಗೆಯ ಗಾತ್ರದಲ್ಲಿ. ಉದ್ದ, ಅಗಲ, ಎತ್ತರ 30 ಸೆಂ.ಮೀ. ಇರುವ ಪೆಟ್ಟಿಗೆ ತುಂಬಿದರೆ 15 ಕಿಲೋ ದಾಟುತ್ತದೆ. ಅದಕ್ಕಿಂತ ದೊಡ್ಡದರ ತಳ ಕಿತ್ತುಬರುತ್ತದೆ. ಪುಸ್ತಕವನ್ನು ಮಲಗಿಸಿ, ಇಲ್ಲವೇ ಬೆನ್ನು ಕೆಳಗೆ ಮಾಡಿ ಇಡಿ. ಪುಟ ತೆರೆಯುವ ಬದಿ ಕೆಳಗಾದರೆ ಹಾಳೆಗಳ ಭಾರಕ್ಕೆ ಗಟ್ಟಿ ರಟ್ಟಿನ ಹೊಲಿಗೆ ಸಡಿಲವಾಗುತ್ತದೆ. ಸಂದುಗಳಿಗೆ ಖಾಲಿ ಬಿಳಿ ಕಾಗದ ತುಂಬಿ. ಪತ್ರಿಕೆಯ ಮಸಿ ರಟ್ಟಿಗೆ ಹತ್ತುತ್ತದೆ. ರಬ್ಬರ್ ಬ್ಯಾಂಡ್ ಬೇಡ, ಸೆಕೆಗೆ ಕರಗಿ ಅಂಟಿಕೊಳ್ಳುತ್ತದೆ. ಹಡಗಿನ ಕಂಟೇನರಿನೊಳಗೆ ಹಗಲು ರಾತ್ರಿಯ ಉಷ್ಣತೆಯ ವ್ಯತ್ಯಾಸಕ್ಕೆ ನೀರು ಹನಿಗಟ್ಟುತ್ತದೆ, ಆದ್ದರಿಂದ ಪೆಟ್ಟಿಗೆಗೆ ಒಳಗಿನಿಂದ ಪ್ಲಾಸ್ಟಿಕ್ ಹಾಳೆ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಡಿ. ಮಳೆಗಾಲದ ತೇವ ಹಿಡಿದ ಪುಸ್ತಕವನ್ನು ಹಾಗೇ ಮುಚ್ಚಿ ಕಳಿಸಿದರೆ ಬೂಷ್ಟು ಖಾತ್ರಿ.

ಸುಂಕದವರಿಗೆ ಕನ್ನಡ ಲಿಪಿ ಓದಲು ಬರುವುದಿಲ್ಲ. ಪೆಟ್ಟಿಗೆವಾರು ಪಟ್ಟಿಯನ್ನು ಇಂಗ್ಲಿಷಿನಲ್ಲಿ ಮಾಡಿ: ಎಷ್ಟು ಪ್ರತಿ, ಯಾವ ಭಾಷೆ, 'ಬಳಸಿದ್ದು, ಸ್ವಂತಕ್ಕೆ, ಮಾರಾಟಕ್ಕಲ್ಲ' ಎಂಬ ಸಾಲು. ಪುಸ್ತಕಗಳ ಆಮದು ಸುಂಕ ತೆಗೆಯುವ ಯುನೆಸ್ಕೋ ಒಪ್ಪಂದ 1950ರಲ್ಲೇ ಫ್ಲಾರೆನ್ಸಿನಲ್ಲಿ ಆಗಿದೆ. ಒಪ್ಪಿದ ದೇಶಗಳಲ್ಲಿ ಸುಂಕ ಇರುವುದಿಲ್ಲ, ಆದರೆ ಮಾರಾಟ ತೆರಿಗೆಯ ಮಾದರಿಯ ತೆರಿಗೆಗಳು ಬೇರೆ, ಅವನ್ನು ವಿಚಾರಿಸಿಕೊಳ್ಳಿ.

ಬಂದ ಮೇಲೆ ಕಪಾಟು ಕೊಳ್ಳುವ ಮೊದಲು ಗ್ರಂಥಾಲಯದ ಸದಸ್ಯರಾಗಿ. ಗುರುತಿನ ಚೀಟಿ, ವಿಳಾಸದ ಪುರಾವೆ ಇದ್ದರೆ ಸಾಮಾನ್ಯವಾಗಿ ಸಾಕು. ಬೇರೆ ಗ್ರಂಥಾಲಯದಿಂದ ತರಿಸಿಕೊಡುವ ಸೇವೆ ಇದೆಯೇ ಎಂದು ಮೊದಲ ದಿನವೇ ಕೇಳಿ, ಏಕೆಂದರೆ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ಪುಸ್ತಕಗಳು ನೀವು ಊಹಿಸುವುದಕ್ಕಿಂತ ಹೆಚ್ಚಿವೆ. ಸಿಗುವುದಿಲ್ಲ ಎಂದು ಜನ ಕೈಬಿಡುವುದು ಹುಡುಕುವ ಕಾಗುಣಿತ ತಪ್ಪಿದ್ದರಿಂದ. ಹಲವು ಗ್ರಂಥಾಲಯಗಳ ಪುಸ್ತಕಗಳನ್ನು ಒಟ್ಟಿಗೇ ಹುಡುಕಬಹುದಾದ ವರ್ಲ್ಡ್‌ಕ್ಯಾಟ್‌ನಂಥ ಸೂಚಿಗಳಲ್ಲಿ ಕನ್ನಡ ಶೀರ್ಷಿಕೆಗಳು ಹೆಚ್ಚಾಗಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿಯ ರೋಮನ್ ಲಿಪಿಯಲ್ಲಿರುತ್ತವೆ. ಅಲ್ಲಿ ದೀರ್ಘಕ್ಕೆ ಎರಡು ಅಕ್ಷರ ಇಲ್ಲ: 'ಕಾ'ಗೆ ಕೆ, ಎ ಅಷ್ಟೇ, 'ಈ'ಗೆ ಒಂದೇ ಐ. 'ಚ'ಗೆ ಬರೀ ಸಿ. ಸಿ ಜೊತೆ ಎಚ್ ಸೇರಿದರೆ ಅದು 'ಛ'. 'ಶ'ಗೂ 'ಷ'ಗೂ ಎಸ್ ಮಾತ್ರ, ಎಚ್ ಇಲ್ಲ. ಈ ರೋಮನ್ ಅಕ್ಷರಗಳ ಮೇಲೆ ಕೆಳಗೆ ಹಾಕುವ ಗೆರೆ, ಚುಕ್ಕೆಗಳನ್ನು ಬಿಟ್ಟು ಟೈಪಿಸಿದರೂ ಸಾಮಾನ್ಯವಾಗಿ ನಡೆಯುತ್ತದೆ. ನಾವು ಮೊಬೈಲಿನಲ್ಲಿ ಬರೆಯುವ ಕಂಗ್ಲಿಷ್ ರೂಢಿಯಲ್ಲಿ ಹುಡುಕಿದರೆ ಇದ್ದ ಪುಸ್ತಕವೂ ಇಲ್ಲ ಎನ್ನುತ್ತದೆ.

ಇ-ರೀಡರ್ ಕೊಳ್ಳುವುದಾದರೆ ಕೊಳ್ಳುವ ಮೊದಲೇ ಯೂನಿಕೋಡ್‌ನಲ್ಲಿರುವ ಒಂದು ಕನ್ನಡ ಇಪಬ್ (ಇ-ಪುಸ್ತಕದ ಕಡತ) ಹಾಕಿ ನೋಡಿ. ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಆ ಯಂತ್ರ ಕನ್ನಡಕ್ಕೆ ಆಗದು. ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕಗಳ ಪಿಡಿಎಫ್‌ಗೆ ಆರು ಇಂಚಿನ ಪರದೆ ಸಾಲದು. ಹತ್ತು ಇಂಚು ಬೇಕು.

ಕಪಾಟಿಗೆ ಬರೋಣ. ಮೆತ್ತನೆ ರಟ್ಟಿನ ಪುಸ್ತಕಗಳು ಮೀಟರಿಗೆ ಸುಮಾರು 20 ಕಿಲೋ, ನಿಘಂಟು ಮತ್ತು ಗಟ್ಟಿ ರಟ್ಟಿನವು 30 ದಾಟುತ್ತವೆ. 18 ಮಿ.ಮೀ. ಪಾರ್ಟಿಕಲ್ ಬೋರ್ಡಿನ ಹಲಗೆ 80 ಸೆಂ.ಮೀ. ಮೀರಿದರೆ ನಡುವೆ ಬಾಗುತ್ತದೆ, ಬಾಗಿದ್ದು ಮತ್ತೆ ನೆಟ್ಟಗಾಗುವುದಿಲ್ಲ. ಎತ್ತರದ ಕಪಾಟನ್ನು ಗೋಡೆಗೆ ಬಿಗಿಯಲೇಬೇಕು. ತೂತು ಕೊರೆಯಲು ಮಾಲೀಕರು ಒಪ್ಪದಿದ್ದರೆ ಸೊಂಟದೆತ್ತರದ ಕಪಾಟು ಕೊಳ್ಳಿ. ಚಳಿ ದೇಶವಾದರೆ ಹೊರಗೋಡೆಗೆ ಒತ್ತಿ ಇಡಬೇಡಿ. ತಣ್ಣಗಿನ ಗೋಡೆಯಲ್ಲಿ ತೇವ ಕಟ್ಟಿ ಹಿಂಬದಿಯ ಪುಸ್ತಕಗಳಿಗೆ ಬೂಷ್ಟು ಬರುತ್ತದೆ. ಐದು ಸೆಂ.ಮೀ. ಸಂದು ಬಿಡಿ. ಹೀಟರಿನ ಪಕ್ಕವೂ ಬೇಡ, ಅಲ್ಲಿ ಬೆನ್ನಿನ ಅಂಟು ಒಣಗಿ ಹಾಳೆ ಉದುರುತ್ತದೆ. ಒಂದು ತೇವಮಾಪಕ ಇಟ್ಟುಕೊಳ್ಳಿ: ಶೇ. 40ರಿಂದ 50 ಒಳ್ಳೆಯದು, 65 ದಾಟಿದರೆ ಬೂಷ್ಟಿನ ಕಾಲ.

ಪಟ್ಟಿ ಮಾಡಲು ಬಾರ್‌ಕೋಡ್ ಓದುವ ಆ್ಯಪ್‌ಗಳನ್ನು ನಂಬಿ ಕೂರಬೇಡಿ. ಹಳೆಯ ಕನ್ನಡ ಪುಸ್ತಕಗಳಲ್ಲಿ ಎಷ್ಟೋ ಐಎಸ್‌ಬಿಎನ್ ಎಂಬ ಗುರುತು ಸಂಖ್ಯೆ ಇಲ್ಲದವು. ಇದ್ದರೂ 2007ಕ್ಕೆ ಮೊದಲಿನವು ಹತ್ತು ಅಂಕಿಯವು, ಈಗಿನಂತೆ ಹದಿಮೂರರವಲ್ಲ. ಸಾದಾ ಸ್ಪ್ರೆಡ್‌ಶೀಟ್ ಸಾಕು: ಶೀರ್ಷಿಕೆ, ಲೇಖಕ, ಪ್ರಕಾಶಕ, ಮುದ್ರಣದ ವರ್ಷ, ಯಾವ ಹಲಗೆ, ಯಾರಿಗೆ ಕೊಟ್ಟಿದ್ದು, ಯಾವಾಗ. ಕೊನೆಯ ಎರಡು ಕಾಲಂ ಬಿಡಬೇಡಿ, ಸುತ್ತಮುತ್ತ ಇನ್ನಿಬ್ಬರು ಕನ್ನಡ ಓದುಗರು ಸಿಕ್ಕ ವಾರದಲ್ಲೇ ಅವು ತುಂಬತೊಡಗುತ್ತವೆ.

ಹಳೆಯ ಪುಸ್ತಕದಂಗಡಿಯಿಂದ ತಂದದ್ದನ್ನು ನೇರ ಕಪಾಟಿಗೆ ಏರಿಸಬೇಡಿ. ಹುಳು ಅಥವಾ ತಿಗಣೆಯ ಅನುಮಾನವಿದ್ದರೆ ಗಾಳಿ ಹಿಂಡಿ ತೆಗೆದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ. ತಣ್ಣಗಿರುವಾಗಲೇ ಬಿಚ್ಚಿದರೆ ಹನಿಯೆಲ್ಲ ಪುಟಗಳ ಮೇಲೆಯೇ ಕೂರುತ್ತದೆ.