ಸಾಲ ಕೊಡಿಸಿದ ಗೋಡೆ

ಪ್ರಶ್ನೆ: ಅಮೆರಿಕದ ಡೆಟ್ರಾಯ್ಟ್ ಹೊರವಲಯದ ಮಗಳ ಮನೆಗೆ ಹೋಗಿದ್ದೆವು. ಅವಳ ಬಡಾವಣೆಯಲ್ಲಿ ಕಪ್ಪು ಜನ ಕಾಣುವುದೇ ಅಪರೂಪ. ನಗರದೊಳಗೆ ಹೋದರೆ ಅವರೇ ಜಾಸ್ತಿ. ತಮ್ಮವರ ಜೊತೆಗೇ ಇರೋಣ ಅನ್ನೋದು ಅವರವರ ಇಷ್ಟ, ಅಲ್ವಾ?
— ಓದುಗರೊಬ್ಬರು, ಹಾಸನ

ಉತ್ತರ: ಬರೀ ಇಷ್ಟದ ಮಾತಲ್ಲ ಸ್ವಾಮಿ. ಇನ್ನೊಮ್ಮೆ ಹೋದರೆ ಎಯ್ಟ್ ಮೈಲ್ ರಸ್ತೆಯಿಂದ ದಕ್ಷಿಣಕ್ಕೆ, ಬರ್‌ವುಡ್ ಬೀದಿಯ ಹಿತ್ತಿಲುಗಳ ಹಿಂದೆ ಇರುವ ಗೋಡೆ ನೋಡಿ ಬನ್ನಿ. ನೌಕರಿಗೆಂದು ಆ ಕಡೆ ಇದ್ದಾಗ ನಾನೂ ನೋಡಿದ್ದೇನೆ. ಆರಡಿ ಎತ್ತರ, ಅರ್ಧ ಮೈಲಿ ಉದ್ದ. ಆಟದ ಮೈದಾನದ ಪಕ್ಕದಲ್ಲಿ ಅದರ ಮೇಲೆ ಬಣ್ಣಬಣ್ಣದ ಚಿತ್ರ ಬರೆದಿದ್ದಾರೆ. ಗೊತ್ತಿಲ್ಲದವರು ಸ್ಕೂಲ್ ಕಾಂಪೌಂಡ್ ಅಂದುಕೊಳ್ಳಬೇಕು.

1941ರಲ್ಲಿ ಅದನ್ನು ಕಟ್ಟಿಸಿದ್ದು ಒಬ್ಬ ಬಿಲ್ಡರ್. ಬಿಳಿಯರಿಗೆ ಬಡಾವಣೆ ಮಾಡಲು ಹೊರಟಿದ್ದ. ಪಕ್ಕದಲ್ಲೇ ಕಪ್ಪು ಜನರ ಮನೆಗಳು. 1934ರಲ್ಲಿ ಶುರುವಾದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಅನ್ನೋ ಸರ್ಕಾರಿ ಸಂಸ್ಥೆ ಅವನ ಬಡಾವಣೆಗೆ ಜಾಮೀನು ನಿಲ್ಲಲು ಒಪ್ಪಲಿಲ್ಲ. ನಡುವೆ ಗೋಡೆ ಎದ್ದ ಮೇಲೆ ಒಪ್ಪಿತು!

ಈ ಜಾಮೀನಿನಲ್ಲೇ ಎಲ್ಲ ಇರುವುದು. ಸಂಸ್ಥೆ ತಾನೇ ಸಾಲ ಕೊಡುತ್ತಿರಲಿಲ್ಲ. ಸಾಲಗಾರ ಕಂತು ಕಟ್ಟದಿದ್ದರೆ ಬ್ಯಾಂಕಿನ ನಷ್ಟ ತುಂಬಿಕೊಡುತ್ತಿತ್ತು. ಮೊದಲೆಲ್ಲ ಬೆಲೆಯ ಅರ್ಧದಷ್ಟು ಕೈಯಿಂದ ಹಾಕಬೇಕಿತ್ತು. ಜಾಮೀನು ಬಂದ ಮೇಲೆ ಸ್ವಲ್ಪ ದುಡ್ಡು ಕಟ್ಟಿ, ಉಳಿದದ್ದನ್ನು ಇಪ್ಪತ್ತು ವರ್ಷ ತೀರಿಸಬಹುದಾಯಿತು. ಕೂಲಿ ಮಾಡುವವನೂ ಮನೆ ಯಜಮಾನನಾದ, ಬಿಳಿಯನಾಗಿದ್ದರೆ. ಕಪ್ಪು ಜನ ಇರುವ ಕಡೆಗೆ ಜಾಮೀನು ಸಿಗುವುದೇ ಕಷ್ಟ. ಸರ್ಕಾರದ್ದೇ ಇನ್ನೊಂದು ಸಂಸ್ಥೆ ಮಾಡಿಸಿದ ನಕ್ಷೆಗಳಲ್ಲಿ ಅಂಥ ಬೀದಿಗಳಿಗೆ, ಸಾಲ ಕೊಟ್ಟರೆ ಅಪಾಯ ಎಂದು, ಕೆಂಪು ಬಣ್ಣ ಬಳಿದಿದ್ದರು.

ನ್ಯೂಯಾರ್ಕ್ ಹತ್ತಿರದ ಲೆವಿಟೌನ್‌ನಲ್ಲಿ 1947ರಿಂದ 17,000ಕ್ಕೂ ಹೆಚ್ಚು ಮನೆ ಎದ್ದವು, ಇದೇ ಜಾಮೀನಿನ ಬಲದಿಂದ. ಕಾಕೇಶಿಯನ್ (ಅಂದರೆ ಬಿಳಿಯರು) ಅಲ್ಲದವರು ಅಲ್ಲಿ ವಾಸ ಮಾಡಬಾರದು ಎಂದು ಕರಾರಿನಲ್ಲೇ ಬರೆದಿತ್ತು. ಯುದ್ಧ ಮಾಡಿ ಬಂದ ಕಪ್ಪು ಸೈನಿಕನಿಗೂ ಅಲ್ಲಿ ಬಾಗಿಲು ಮುಚ್ಚಿತ್ತು. (ನಮ್ಮವರೂ ಬೀಗಬೇಕಿಲ್ಲ. ಭಾರತೀಯರು ಬಿಳಿಯರಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1923ರಲ್ಲೇ ಹೇಳಿತ್ತು, ಭಗತ್ ಸಿಂಗ್ ಥಿಂಡ್ ಎಂಬುವರ ಕೇಸಿನಲ್ಲಿ.)

ಮನೆ ಮಾರಾಟದಲ್ಲಿ ಭೇದ ಮಾಡಬಾರದೆಂಬ ಕಾನೂನು 1968ರಲ್ಲಿ ಬಂತು. ಅಷ್ಟರಲ್ಲಿ ಬಿಳಿಯರ ಮನೆಗಳ ಬೆಲೆ ಏರಿತ್ತು. ಅದೇ ಆಸ್ತಿ ಮಕ್ಕಳ ಓದಿಗಾಯಿತು, ಮುಂದಿನ ಮನೆಗೂ ಆಯಿತು. ಬಾಡಿಗೆ ಮನೆಯಲ್ಲೇ ಉಳಿದವರು ಮಕ್ಕಳಿಗೆ ಏನು ಬಿಟ್ಟುಹೋಗಬೇಕು?

ಮಗಳ ಮನೆ ಹಳೆಯದಾದರೆ ಅದರ ಮೂಲ ಕಾಗದಪತ್ರ ತೆಗೆಸಿ ನೋಡಲು ಹೇಳಿ. ಬಿಳಿಯರಲ್ಲದವರು ಇರಬಾರದೆಂಬ ಇಂಥ ಕರಾರನ್ನು ಕೋರ್ಟುಗಳು ಜಾರಿ ಮಾಡುವಂತಿಲ್ಲ ಎಂದು 1948ರಲ್ಲೇ ತೀರ್ಪಾಗಿದೆ. ಆದರೂ ಎಷ್ಟೋ ಪತ್ರಗಳಲ್ಲಿ ಆ ಸಾಲು ಇನ್ನೂ ಹಾಗೇ ಇದೆ.