‘ಆಗಲ್ಲ’ ಅನ್ನುವ ಒಂದೇ ಮಾತು

ಹೆಸರು, ವಯಸ್ಸು, ಕೆಲಸ ಎಲ್ಲವನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಆಕೆಯನ್ನು ಇಲ್ಲಿ ಸುಮಾ ಎನ್ನೋಣ. ವಯಸ್ಸು 48, ಲೆಕ್ಕಪತ್ರ ನೋಡುವ ಕೆಲಸ. ಎಂಟು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲಿನ ಶಕ್ತಿ ಕುಂದಿತ್ತು. ಗಂಡ ಮತ್ತು ಮಗನ ಜೊತೆ ನನ್ನ ಬಳಿ ಸಲಹೆಗೆ ಬಂದಿದ್ದರು.

“ಇವಳ ಕೈಲಿ ಆಗಲ್ಲ ಮೇಡಂ, ಎಲ್ಲಾ ನಾನೇ ಮಾಡ್ತೀನಿ” ಎಂದರು ಗಂಡ. “ಫಿಸಿಯೋಥೆರಪಿಯವರು ಆಗುತ್ತೆ ಅಂತಾರಲ್ಲಪ್ಪಾ, ಅಮ್ಮ ಪ್ರಯತ್ನವೇ ಮಾಡಲ್ಲ” ಎಂದ ಮಗ. ಸುಮಾ ತಲೆ ಎತ್ತಲಿಲ್ಲ. “ಆಗಲ್ಲ ಬಿಡಿ” ಎಂದರು, ಅಷ್ಟೇ.

ನಮ್ಮ ‘ಆಗಲ್ಲ’ ಬಹಳ ಅಗಲವಾದ ಮಾತು. ದೇಹಕ್ಕೆ ಶಕ್ತಿ ಇಲ್ಲದಿದ್ದರೂ ಆಗಲ್ಲ. ಶಕ್ತಿ ಇದ್ದು ಮಾಡದಿದ್ದರೂ ಆಗಲ್ಲ. ಮಾಡಲು ಬಿಡದಿದ್ದರೂ, ಮನಸ್ಸು ಬಾರದಿದ್ದರೂ ಅದೇ ಮಾತು. ಮೂವರೂ ಒಂದೇ ಪದ ಇಟ್ಟುಕೊಂಡು ಬೇರೆ ಬೇರೆ ವಿಷಯಕ್ಕೆ ಜಗಳವಾಡುತ್ತಿದ್ದರು.

ಇಂಥ ಹೊತ್ತಿನಲ್ಲಿ ನನಗೆ ಐಸಿಎಫ್ (ಇಂಟರ್‌ನ್ಯಾಷನಲ್ ಕ್ಲಾಸಿಫಿಕೇಶನ್ ಆಫ್ ಫಂಕ್ಷನಿಂಗ್, ಡಿಸೆಬಿಲಿಟಿ ಅಂಡ್ ಹೆಲ್ತ್) ನೆರವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು 2001ರ ಮೇ ತಿಂಗಳಲ್ಲಿ ಒಪ್ಪಿಕೊಂಡ ಚೌಕಟ್ಟು ಅದು. ಅದೇ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ ರೋಗಕ್ಕೆ ಹೆಸರು ಕೊಡುತ್ತದೆ. ಆ ರೋಗದ ಜೊತೆ ಬದುಕು ಹೇಗೆ ಸಾಗುತ್ತಿದೆ ಎಂದು ಹೇಳುವುದು ಐಸಿಎಫ್. ದೇಹ, ದಿನದ ಚಟುವಟಿಕೆ, ನಾಲ್ಕು ಜನರ ನಡುವೆ ಪಾಲ್ಗೊಳ್ಳುವುದು, ಸುತ್ತಲ ಪರಿಸರ, ಆ ವ್ಯಕ್ತಿಯ ಸ್ವಭಾವ ಮತ್ತು ಹಿನ್ನೆಲೆ, ಇವನ್ನೆಲ್ಲ ಅದು ಒಟ್ಟಿಗೆ ನೋಡುತ್ತದೆ. ತೊಂದರೆಯ ಮಟ್ಟಕ್ಕೆ 0ರಿಂದ 4ರವರೆಗೆ ಅಂಕಿ. 0 ಎಂದರೆ ತೊಂದರೆ ಇಲ್ಲ, 4 ಎಂದರೆ ಪೂರ್ತಿ ತೊಂದರೆ. ವೈದ್ಯರು, ಫಿಸಿಯೋಥೆರಪಿಸ್ಟ್, ನಾನು, ಮನೆಯವರು ಎಲ್ಲರೂ ಒಂದೇ ಭಾಷೆಯಲ್ಲಿ ಮಾತಾಡಬಹುದು.

ಅದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದು ಭೇದ. ಯಾರ ಸಹಾಯವೂ, ಕೋಲೂ ಇಲ್ಲದೆ ಎಷ್ಟು ಮಾಡಬಲ್ಲರು ಅನ್ನುವುದು ಸಾಮರ್ಥ್ಯ. ತಮ್ಮದೇ ಮನೆಯಲ್ಲಿ, ತಮ್ಮವರ ನಡುವೆ ನಿಜಕ್ಕೂ ಎಷ್ಟು ಮಾಡುತ್ತಿದ್ದಾರೆ ಅನ್ನುವುದು ಬೇರೆ. ಎರಡಕ್ಕೂ ಬೇರೆ ಬೇರೆ ಅಂಕಿ.

ಫಿಸಿಯೋಥೆರಪಿಸ್ಟ್ ಜೊತೆ ಮಾತಾಡಿ, ಸುಮಾ ಅವರ ಒಪ್ಪಿಗೆ ಪಡೆದು ಒಂದು ಹಾಳೆ ತುಂಬಿದೆವು. ನಡೆಯುವ ಸಾಮರ್ಥ್ಯಕ್ಕೆ 2, ಅಂದರೆ ಮಧ್ಯಮ ತೊಂದರೆ. ಸಮತಟ್ಟಾದ ಕಾರಿಡಾರ್‌ನಲ್ಲಿ ಯಾರೂ ಹಿಡಿಯದೆ ಅವರು ನಿಧಾನವಾಗಿ ಹೋಗಿ ಬರುತ್ತಿದ್ದರು. ಆದರೆ ಮನೆಯಲ್ಲಿ ನಿಜವಾಗಿ ನಡೆಯುವುದಕ್ಕೆ 3. ತೀವ್ರ ತೊಂದರೆ. ಕೋಲು, ಜನ, ಅನುಕೂಲ ಎಲ್ಲಾ ಇರುವ ಮನೆಯಲ್ಲಿ ಸಾಮಾನ್ಯವಾಗಿ ಜಾಸ್ತಿ ನಡೆಯಬೇಕು, ಅಲ್ವಾ? ಇಲ್ಲಿ ಉಲ್ಟಾ ಆಗಿತ್ತು. ಹಾಗಾದರೆ ಹುಡುಕಬೇಕಾದದ್ದು ಕಾಲಿನಲ್ಲಲ್ಲ, ಮನೆಯಲ್ಲಿ.

ಪರಿಸರದ ಪಟ್ಟಿಗೆ ಬಂದೆವು. ಮನೆಯವರ ನೆರವು ಒಂದು ಅಂಶ. ಅದಕ್ಕೆ ಅನುಕೂಲವೆಂದು ಕೂಡಿಸುವ ಗುರುತು ಬಿತ್ತು. ಮನೆಯವರ ಮನೋಭಾವ ಇನ್ನೊಂದು ಅಂಶ. ಆ ಸಾಲಿನ ಮೇಲೆ ಸುಮಾ ಬೆರಳಿಟ್ಟು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲಗೆ, “ನಾನು ಏಳೋ ಮೊದಲೇ ಇವರು ರಟ್ಟೆ ಹಿಡೀತಾರೆ” ಎಂದರು.

ಗಂಡನಿಗೆ ಮಾತು ಹೊರಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು. ಎರಡನೇ ತಿಂಗಳಲ್ಲಿ ಸುಮಾ ಸ್ನಾನದ ಮನೆಯಲ್ಲಿ ಜಾರಿ ಬಿದ್ದಿದ್ದರು. ಆಗ ಇವರು ಫೋನಿನಲ್ಲಿದ್ದರು. ಅಂದಿನಿಂದ ಒಂದು ಹೆಜ್ಜೆಯನ್ನೂ ಒಂಟಿಯಾಗಿ ಇಡಲು ಬಿಟ್ಟಿಲ್ಲ. ಅವರದ್ದು ಪ್ರೀತಿಯೇ. ಆ ಪ್ರೀತಿಯೇ ಒಂದು ಸಾಲಿನಲ್ಲಿ ನೆರವು, ಇನ್ನೊಂದು ಸಾಲಿನಲ್ಲಿ ತೊಡಕು. ಇದನ್ನು ನಾನು ಬಾಯಲ್ಲಿ ಹೇಳಿದ್ದರೆ ದೂರಿನಂತೆ ಕೇಳಿಸುತ್ತಿತ್ತು. ಹಾಳೆ ಮೇಲೆ ಕಂಡಾಗ ಅವರು ತಾವೇ ಒಪ್ಪಿದರು.

ಸಲಹೆ ಕೊಡುವಾಗ ಮೊದಲು ಹೇಳಿದ್ದು ಮಾತಿನ ಬಗ್ಗೆ. ಒಂದು ತಿಂಗಳು ಮನೆಯಲ್ಲಿ ಬರೀ ‘ಆಗಲ್ಲ’ ಬೇಡ. ‘ಕಾಲಿಗೆ ಶಕ್ತಿ ಸಾಲದು’, ‘ಭಯ ಆಗುತ್ತೆ’, ‘ಇವತ್ತು ಮನಸ್ಸಿಲ್ಲ’, ‘ನನ್ನನ್ನ ಬಿಡಿ’ ಎಂದು ಬಿಡಿಸಿ ಹೇಳಬೇಕು. ಸ್ನಾನದ ಮನೆಗೆ ಹಿಡಿದುಕೊಳ್ಳುವ ಕಂಬಿ, ಜಾರದ ಮ್ಯಾಟ್, ಕೂರಲು ಸ್ಟೂಲ್. ಫಿಸಿಯೋಥೆರಪಿಸ್ಟ್ ನೋಡಿ ಸರಿ ಎಂದ ಮೇಲೆ ಗಂಡ ಬಾಗಿಲ ಹೊರಗೆ ನಿಲ್ಲಬಹುದು, ಕರೆದರೆ ಮಾತ್ರ ಒಳಗೆ. ಮಗನಿಗೆ ಬೇರೆಯಾಗಿ ಹೇಳಿದೆ: ಪ್ರಯತ್ನ ಮಾಡದಿರುವುದನ್ನು ಸೋಮಾರಿತನ ಎನ್ನಬೇಡ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ. ಅದಕ್ಕೆ ಚಿಕಿತ್ಸೆ ಇದೆ. ವೈದ್ಯರಿಗೆ ಪತ್ರ ಬರೆದುಕೊಟ್ಟೆ.

ಇನ್ನೊಂದು ಮಾತನ್ನು ಒತ್ತಿ ಹೇಳಿದೆ. ಅಂಕಿ ಕಷ್ಟಕ್ಕೆ, ಮನುಷ್ಯರಿಗಲ್ಲ. ಸುಮಾ ‘3’ ಅಲ್ಲ. ಯಾರಿಗೂ ಹಣೆಪಟ್ಟಿ ಹಚ್ಚಲು ಬಳಸಬಾರದೆಂದು ಐಸಿಎಫ್‌ನ ನೀತಿ ಸೂಚನೆಗಳೇ ಹೇಳುತ್ತವೆ.

ದಿನದ ಬದುಕಿನ ಕಷ್ಟ ಅಳೆಯಲು ವಿಶ್ವ ಆರೋಗ್ಯ ಸಂಸ್ಥೆಯದೇ ಆದ ಹೂಡಾಸ್ 2.0 ಎಂಬ ಪ್ರಶ್ನಾವಳಿ ಇದೆ. ಅದರ 12 ಪ್ರಶ್ನೆಗಳ ಹಾಳೆಯನ್ನು ಮನೆಗೆ ಕೊಟ್ಟು ಕಳಿಸಿದೆ. ಕಳೆದ 30 ದಿನಗಳಲ್ಲಿ ಎಷ್ಟು ಕಷ್ಟವಾಯಿತು ಎಂದು ಅದು ಕೇಳುತ್ತದೆ. ಮನೆಯವರು ತುಂಬುವ ಹಾಳೆಯೂ ಬೇರೆ ಇದೆ. ಒಬ್ಬರದ್ದನ್ನು ಒಬ್ಬರು ನೋಡದೆ ತುಂಬಬೇಕು ಎಂದಿದ್ದೆ.

ತಿಂಗಳ ಮೇಲೆ ಇಬ್ಬರ ಹಾಳೆಗಳನ್ನೂ ಪಕ್ಕಪಕ್ಕ ಇಟ್ಟೆವು. ಮೈ ತೊಳೆದುಕೊಳ್ಳುವ ಪ್ರಶ್ನೆಗೆ ಗಂಡ ‘ತೀವ್ರ ಕಷ್ಟ’ ಎಂದು ಗುರುತು ಹಾಕಿದ್ದರು, ಸುಮಾ ‘ಸ್ವಲ್ಪ’ ಎಂದು. ಮನಸ್ಸಿಗೆ ಎಷ್ಟು ನೋವಾಗಿದೆ ಎಂಬ ಪ್ರಶ್ನೆಗೆ ಗಂಡ ‘ಸ್ವಲ್ಪ’ ಎಂದಿದ್ದರು, ಸುಮಾ ‘ತೀವ್ರ’ ಎಂದು. ಗಂಡ ಆ ಸಾಲನ್ನು ಎರಡು ಸಲ ಓದಿದರು. ಕುರ್ಚಿಯನ್ನು ಆಕೆಯ ಕಡೆ ತಿರುಗಿಸಿಕೊಂಡು, “ಹೇಳು, ಕೇಳ್ತೀನಿ” ಎಂದರು. ಅವತ್ತಿನ ಉಳಿದ ಸಮಯ ಸುಮಾ ಅವರೇ ಮಾತಾಡಿದರು.