ಬಾಡಿಗೆ ಮನೆಯ ಹಳೇ ಫ್ರಿಜ್, ಗೀಸರ್, ವಾಷಿಂಗ್ ಮಷೀನ್ ಬದಲಿಸಬೇಕಾ?

14 ವರ್ಷದ ಫ್ರಿಜ್, ಗೀಸರ್, ವಾಷಿಂಗ್ ಮಷೀನ್ ಮೂರೂ ಓಡುತ್ತಿವೆ, ಹೊಸಬರು ಬಾಡಿಗೆಗೆ ಬರುವ ಮುಂಚೆ ಎಲ್ಲವನ್ನೂ ಬದಲಿಸಿಬಿಡಲೇ ಎಂದು ಕೇಳಿದ್ದೀರಿ. ನಾನೂ ಮನೆ ಬಾಡಿಗೆಗೆ ಕೊಟ್ಟಿರುವವನು. ನನ್ನ ಅಭಿಪ್ರಾಯ: ಗೀಸರ್ ಬದಲಿಸಿ, ವಾಷಿಂಗ್ ಮಷೀನ್ ಇರಲಿ, ಫ್ರಿಜ್ಜನ್ನು ಪರೀಕ್ಷಿಸಿ ನಿರ್ಧರಿಸಿ.

ವಯಸ್ಸಿಗಿಂತ ಮುಖ್ಯವಾಗಿ, ಅದು ಕೆಟ್ಟ ದಿನ ಏನಾಗುತ್ತದೆ ಎಂದು ಯೋಚಿಸಿ. ವಾಷಿಂಗ್ ಮಷೀನ್ ನಿಂತರೆ ಬಟ್ಟೆ ಉಳಿಯುತ್ತದೆ, ಅಷ್ಟೇ. ಗೀಸರ್ ಹಾಗಲ್ಲ. ಸ್ಟೋರೇಜ್ ಗೀಸರಿನ ಟ್ಯಾಂಕಿನೊಳಗೆ ಸಾಮಾನ್ಯವಾಗಿ ಮೆಗ್ನೀಸಿಯಂನ ಆನೋಡ್ ರಾಡ್ ಇರುತ್ತದೆ. ಟ್ಯಾಂಕ್ ತುಕ್ಕು ಹಿಡಿಯದಂತೆ ತಾನು ಸವೆಯುವುದೇ ಅದರ ಕೆಲಸ. ಅದು ಸವೆದು ಮುಗಿದ ಮೇಲೆ ತುಕ್ಕು ಟ್ಯಾಂಕಿಗೇ ಬರುತ್ತದೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಆನೋಡ್ ಬದಲಿಸಿಲ್ಲವೆಂದರೆ ಒಳಗಿನ ಸ್ಥಿತಿ ಹೊರಗಿನಿಂದ ತಿಳಿಯುವುದಿಲ್ಲ. ನೀರು ಕಾಯಿಸುವ ಎಲಿಮೆಂಟ್, ಬಿಸಿ ಹೆಚ್ಚಾಗದಂತೆ ನಿಯಂತ್ರಿಸುವ ಥರ್ಮೋಸ್ಟಾಟ್ ಹೋದರೆ ಹೊಸದು ಹಾಕಿಸಬಹುದು, ಟ್ಯಾಂಕ್ ಸೋರಿದರೆ ರಿಪೇರಿ ಅಂತ ಕೈ ಹಾಕಲೇಬೇಡಿ. ಅದಕ್ಕಿಂತ ಭಯದ ವಿಷಯ, ಒಳಗಿನ ಒತ್ತಡ ಹೆಚ್ಚಾದಾಗ ಹೊರಬಿಡುವ ಸೇಫ್ಟಿ ವಾಲ್ವ್. ಗಡಸು ನೀರಿನ ಸುಣ್ಣ ಕಟ್ಟಿ ಅದು ಜಾಮ್ ಆಗಿ, ಥರ್ಮೋಸ್ಟಾಟ್ ಕೂಡ ಕೈಕೊಟ್ಟರೆ, ಒತ್ತಡ ಏರಿ ಟ್ಯಾಂಕ್ ಸಿಡಿಯಬಹುದು. ಆ ಬಾತ್‌ರೂಮಿನಲ್ಲಿ ಯಾರದೋ ಮಗು ಸ್ನಾನ ಮಾಡುತ್ತಿರುತ್ತದೆ. ಇಲ್ಲಿ ದುಡ್ಡಿನ ಲೆಕ್ಕ ಹಾಕಬೇಡಿ.

ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸಲೀಸಾಗಿ ಬಂದರೆ ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿ, ಅಂದರೆ ಗ್ಯಾಸ್ಕೆಟ್, ಸಡಿಲವಾಗಿದೆ. ಅದನ್ನು ಬದಲಿಸಿ, ಹಿಂದಿನ ಕಾಯಿಲ್ ಮೇಲಿನ ಧೂಳು ತೆಗೆದು ನೋಡಿ. ಒಂದು ಲೋಟ ನೀರಿನಲ್ಲಿ ಥರ್ಮಾಮೀಟರ್ ಅದ್ದಿ ರಾತ್ರಿಯಿಡೀ ಒಳಗಿಡಿ, ಬೆಳಿಗ್ಗೆ 4 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು. ಆಮೇಲೆ ಪ್ಲಗ್‌ಗೆ ಎನರ್ಜಿ ಮೀಟರ್ ಹಾಕಿ 24 ಗಂಟೆ ಓಡಿಸಿ. ಹಳೆಯದು ದಿನಕ್ಕೆ 2.5 ಯೂನಿಟ್ ಎಳೆದು, ಹೊಸದಕ್ಕೆ 1 ಯೂನಿಟ್ ಸಾಕಾದರೆ, ವರ್ಷಕ್ಕೆ ಸುಮಾರು 550 ಯೂನಿಟ್ ವ್ಯತ್ಯಾಸ. ಕರೆಂಟ್ ಬಿಲ್ ಕಟ್ಟುವವರು ಬಾಡಿಗೆದಾರರಾದ್ದರಿಂದ ಈ ನಷ್ಟ ಮನೆ ಮಾಲೀಕರ ಕಣ್ಣಿಗೆ ಬೀಳುವುದೇ ಇಲ್ಲ. ನಾವು ಉಳಿಸಿದ ದುಡ್ಡನ್ನು ಅವರು ತಿಂಗಳು ತಿಂಗಳು ತೆರುವುದು ನ್ಯಾಯವಲ್ಲ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ವಾಷಿಂಗ್ ಮಷೀನ್‌ನಲ್ಲಿ ಸ್ಪಿನ್ ಸದ್ದು ಕೇಳಿ. ಗುರ್ರ್ ಅಂತ ಗರ್ಜಿಸಿದರೆ ಬೇರಿಂಗ್ ಹೋಗಿದೆ, ಆ ರಿಪೇರಿ ದುಬಾರಿ. ಖರ್ಚು ಹೊಸ ಮಷೀನಿನ ಅರ್ಧ ಬೆಲೆ ದಾಟಿದರೆ ಹೊಸದೇ ತನ್ನಿ. ನೀರು ಹೋಗುತ್ತಿಲ್ಲ ಅಂದರೆ ಬಹಳ ಸಲ ಪಂಪ್ ಫಿಲ್ಟರಿನಲ್ಲಿ ಗುಂಡಿಯೋ ನಾಣ್ಯವೋ ಸಿಕ್ಕಿರುತ್ತದೆ. ಮಷೀನ್ ಚೆನ್ನಾಗಿದ್ದರೂ ನೀರಿನ ರಬ್ಬರ್ ಪೈಪ್ ಮಾತ್ರ ಈಗಲೇ ಹೊಸದು ಹಾಕಿಸಿ, ಒಡೆದರೆ ಕೆಳಗಿನ ಮನೆಗೂ ನೀರು ನುಗ್ಗುತ್ತದೆ.

ಖಾಲಿ ಮಾಡಿ ಹೋದವರಿಗೆ ಒಂದು ಫೋನ್ ಮಾಡಿ. ಯಾವುದು ಎಷ್ಟು ಸತಾಯಿಸುತ್ತಿತ್ತು ಅಂತ ಅವರಷ್ಟು ಯಾರಿಗೂ ಗೊತ್ತಿಲ್ಲ, ಈಗ ಮುಲಾಜಿಲ್ಲದೆ ಹೇಳುತ್ತಾರೆ. ಇನ್ನು ಹೊಸ ಗೀಸರ್ ಕೂರಿಸುವ ಮುಂಚೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಆ ಪಾಯಿಂಟಿನ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಅರ್ಥಿಂಗ್ ಇಲ್ಲದ ಕಡೆ ಹೊಸ ಗೀಸರ್ ಕೂಡ ಶಾಕ್ ಹೊಡೆಯಬಹುದು.